ಬಾಗಿಲು ತಟ್ಟಿದವರು ಯಾರು?

ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಸಂಜೆ ಆರು ಗಂಟೆಯಾಯಿತೆಂದರೆ ಕಾಲೇಜು ಹುಡುಗರ ಗದ್ದಲ ಇಳಿದು ನಿವೃತ್ತರ ಕೋಲುಗಳ ಸಪ್ಪಳ ಏರುತ್ತದೆ. ಹಳೆಯ ಬಾಗಲಕೋಟೆಗೂ ನವನಗರಕ್ಕೂ ನಡುವೆ ಇರುವ ಈ ನೆಲೆಗೆ ವಿದ್ಯೆಯೇ ಹೆಸರನ್ನು ಕೊಟ್ಟಿದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ಇಲ್ಲಿವೆ; ಇಂಜಿನಿಯರಿಂಗ್ ಕಾಲೇಜೂ 1963ರಿಂದ ನಡೆದು ಬಂದಿದೆ. ಕಲ್ಲು ಎಸೆದರೆ ಇಂಜಿನಿಯರೊಬ್ಬನಿಗೆ ತಾಗುವಂತಹ ಇಂಥ ಓಣಿಯಲ್ಲಿ ಒಂದು ಮೊಬೈಲ್ ಫೋನಿನ ದೆಸೆಯಿಂದ ಎರಡು ಮನೆಗಳವರಿಗೆ ಮೂರು ರಾತ್ರಿ ನಿದ್ರೆಯಿಲ್ಲವಾಯಿತೆಂದರೆ ವಾಚಕರು ನಂಬಲಿಕ್ಕಿಲ್ಲ. ಆದರೂ ನಡೆದದ್ದು ಹಾಗೆಯೇ.

ನಮ್ಮ ಎದುರು ಮನೆಯ ಗುರುಗಳು ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಆ ಸಂಜೆ ಅವರು ನಮ್ಮ ಪಡಸಾಲೆಗೆ ಬಂದಾಗ ಅವರ ಕೈಯಲ್ಲಿ ಒಂದು ಪಂಚೆಯ ತುಂಡು ಇತ್ತು. ಅದರೊಳಗೆ ಫೋನು. ಚೇಳನ್ನು ಹಿಡಿದು ತಂದವರಂತೆ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಹಿಂದೆ ಸರಿದರು.

"ನೋಡ್ರಿ, ಮತ್ತ ಬಂದಾನ."

"ಯಾರು ಬಂದಾರ್ರೀ?"

"ಅವನ. ಕಳ್ಳ."

ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ಫೋನಿನ ತಂತ್ರಾಂಶಕ್ಕೆ ಹೊಸ ಅಪ್‌ಡೇಟ್ ಸಿದ್ಧವಿದೆ, ಸ್ಥಾಪಿಸಿದ ಬಳಿಕ ಫೋನು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುವುದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಎರಡು ಗುಂಡಿಗಳು: ಒಂದು 'ಈಗಲೇ', ಇನ್ನೊಂದು 'ಆಮೇಲೆ'. ಗುರುಗಳು ಹದಿನಾಲ್ಕು ತಿಂಗಳಿಂದ ತಪ್ಪದೆ ಎರಡನೆಯದನ್ನು ಒತ್ತುತ್ತ ಬಂದಿದ್ದರಂತೆ.

ನಗಬಾರದು. ಅವರ ಹೆದರಿಕೆಗೆ ಕಾರಣವಿತ್ತು. ಅವರ ಹತ್ತಿರದ ನೆಂಟರೊಬ್ಬರಿಗೆ ವಾಟ್ಸ್ಆಪ್‌ನಲ್ಲಿ ಒಂದು ಲಗ್ನಪತ್ರಿಕೆ ಬಂದಿತ್ತು. ಯಾರ ಮದುವೆಯೋ ನೋಡೋಣವೆಂದು ಒತ್ತಿದರು. ಅದು ಪತ್ರಿಕೆಯಾಗಿರದೆ, ಎಪಿಕೆ ಎಂಬ ಬಾಲವುಳ್ಳ ಒಂದು ಆಪ್ ಆಗಿತ್ತು. ಬೆಳಗಾಗುವಷ್ಟರಲ್ಲಿ ಉಳಿತಾಯದ ಖಾತೆ ಬರಿದಾಗಿತ್ತು. ಅಂದಿನಿಂದ ಗುರುಗಳು ಪೊಲೀಸರ ಎಚ್ಚರಿಕೆಗಳನ್ನೆಲ್ಲ ಪತ್ರಿಕೆಗಳಿಂದ ಕತ್ತರಿಸಿ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದಾರೆ. ಗೊತ್ತಿಲ್ಲದ್ದನ್ನು ಒತ್ತಬೇಡಿ, ಓಟಿಪಿ ಹೇಳಬೇಡಿ, ಅವಸರ ಮಾಡುವವನನ್ನು ನಂಬಬೇಡಿ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇರೆಯವರ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕಲಿತ ಮೇಷ್ಟ್ರನ್ನು ನಾನು ಬೇರೆ ಕಂಡಿಲ್ಲ. ಆ ಪಾಠದ ಅಳತೆಗೋಲಿನಿಂದಲೇ ಅಳೆದು, ಈ ಸಂದೇಶವೂ ಕಳ್ಳನದೆಂದು ಅವರು ತೀರ್ಮಾನಿಸಿದ್ದರು. ಅದು ಕರೆಯದೆ ಬಂದಿದೆ, ಅವಸರ ಮಾಡುತ್ತಿದೆ, ಒತ್ತು ಎನ್ನುತ್ತಿದೆ. ಲೆಕ್ಕದಲ್ಲಿ ತಪ್ಪೆಲ್ಲಿ?

ಸಂಗತಿ ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ವಾರ ಬ್ಯಾಂಕಿನ ಆಪ್ ಕೂಡ ಮುಷ್ಕರ ಹೂಡಿತು. ನಿಮ್ಮ ಫೋನಿನ ತಂತ್ರಾಂಶ ಹಳೆಯದು, ಅದನ್ನು ಹೊಸದು ಮಾಡಿಕೊಳ್ಳದೆ ಬಾಗಿಲು ತೆರೆಯಲಾರೆ ಎಂದಿತು. ಪಿಂಚಣಿ ಬಂದಿದೆಯೋ ಇಲ್ಲವೋ ನೋಡುವಂತಿಲ್ಲ. ಗುರುಗಳ ದೃಷ್ಟಿಯಲ್ಲಿ ಇದು ಇಬ್ಬರು ಕಳ್ಳರ ಒಳಸಂಚು. ಒಬ್ಬ ಹಿತ್ತಲಿಂದ, ಒಬ್ಬ ಮುಂಬಾಗಿಲಿಂದ. ಪುಣೆಯಲ್ಲಿರುವ ಮಗಳು ಕರೆ ಮಾಡಿ, "ಅಪ್ಪಾ, ಅದು ಖರೇನ ಐತಿ, ಒತ್ತು" ಎಂದಳು. ಈಗೀಗ ಮಕ್ಕಳ ದನಿಯನ್ನೂ ಯಂತ್ರದಿಂದ ತಯಾರಿಸುತ್ತಾರೆಂದು ಅವರ ಕಪಾಟಿನ ಬಾಗಿಲು ಹೇಳುತ್ತದೆ. ಆದ್ದರಿಂದ ಅವರು ಕೇಳಿದರಂತೆ:

"ನಿನಗ ಒಂದನೇ ಇಯತ್ತೆ ಕಲಿಸಿದವರು ಯಾರು, ಹೇಳು ನೋಡೋಣ?"

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನೀನ ಅಲ್ಲೇನಪ್ಪಾ" ಎಂದು ಹೇಳಿ ಆಕೆ ಫೋನು ಇಟ್ಟುಬಿಟ್ಟಳು. ಮರುದಿನ ಕರೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಿದ್ರೆಗೆಟ್ಟದ್ದು ಆ ಕಾರಣಕ್ಕೆ. ಅವರು ಅಂಗಳದಲ್ಲಿ ಅಡ್ಡಾಡುತ್ತಿದ್ದರೆ ನಮ್ಮ ಮನೆಯ ನಾಯಿ ಬೊಗಳುತ್ತಿತ್ತು. ಹೀಗಾಗಿ ನಮಗೂ ಪಾಲು.

ನಾನಾದರೂ ಏನು ಹೆಚ್ಚಿನವನು? 2025ರ ಅಕ್ಟೋಬರ್ ತಿಂಗಳಲ್ಲಿ ನನ್ನ ಹತ್ತು ವರ್ಷದ ಹಳೆಯ ಕಂಪ್ಯೂಟರಿನ ಪರದೆ ತುಂಬ ಒಂದು ಪ್ರಕಟಣೆ ಹರಡಿಕೊಂಡಿತು. ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಬೆಂಬಲವಿಲ್ಲ, ಮುಂದಿನ ದಾರಿ ನೋಡಿಕೊಳ್ಳಿ ಎಂಬುದು ಅದರ ಸಾರ. ಮುಚ್ಚುವ ಗುರುತು ಎಲ್ಲಿದೆಯೆಂದು ಕಾಣಲಿಲ್ಲ. ನಾನು ಎದ್ದು ಹೋಗಿ ಗೋಡೆಯಿಂದ ವೈರನ್ನೇ ಕಿತ್ತೆ! ಮಗ ಬಂದು ನೋಡಿ, ಅದು ಮೈಕ್ರೋಸಾಫ್ಟ್ ಕಂಪನಿಯದೇ ಸಾಚಾ ಪ್ರಕಟಣೆಯೆಂದು ತಿಳಿಸಿಕೊಟ್ಟ. ಆ ದಿನಾಂಕವೂ ನಿಜ, ಬೆಂಬಲ ನಿಂತದ್ದೂ ನಿಜ. ಇದನ್ನು ನಾನು ಗುರುಗಳಿಗೆ ಈವರೆಗೆ ಹೇಳಿರಲಿಲ್ಲ. ಈಗ ಪತ್ರಿಕೆಯಲ್ಲಿ ಓದಿಕೊಳ್ಳುವರು.

ಇಂತಹ ಗಾಬರಿ ನಮ್ಮ ಓಣಿಯ ಸೊತ್ತೇನೂ ಅಲ್ಲ. 2018ರ ಆಗಸ್ಟ್ ಮೊದಲ ವಾರದಲ್ಲಿ ಇಡೀ ದೇಶವೇ ಬೆಚ್ಚಿಬಿದ್ದಿತ್ತು. ಸಾವಿರಾರು ಜನರ ಫೋನಿನ ವಿಳಾಸಪಟ್ಟಿಯಲ್ಲಿ ಯಾರೂ ಬರೆದುಕೊಳ್ಳದ ಒಂದು ಹೆಸರು ಕಾಣಿಸಿಕೊಂಡಿತು: ಆಧಾರ್ ಪ್ರಾಧಿಕಾರದ ಸಹಾಯವಾಣಿ. ನಮ್ಮ ಫೋನಿಗೆ ಕನ್ನ ಬಿದ್ದಿದೆ, ಸರಕಾರ ಒಳಗೆ ಕುಳಿತಿದೆ ಎಂದು ಕೂಗೆದ್ದಿತು. ತಾನು ಯಾರಿಗೂ ಹಾಗೆ ಹೇಳಿಲ್ಲವೆಂದು ಪ್ರಾಧಿಕಾರ ಕೈ ತೊಳೆದುಕೊಂಡಿತು. ಕೊನೆಗೆ ಗೂಗಲ್ ಕಂಪನಿ ಮುಂದೆ ಬಂದು ತಪ್ಪೊಪ್ಪಿಕೊಂಡಿತು. 2014ರಲ್ಲಿ, ಹೊಸ ಫೋನನ್ನು ಅಣಿಗೊಳಿಸುವ ತನ್ನ ತಂತ್ರಾಂಶದಲ್ಲಿ ಆ ಸಂಖ್ಯೆಯನ್ನೂ 112 ಎಂಬ ತುರ್ತು ಸಂಖ್ಯೆಯನ್ನೂ ಅಚಾತುರ್ಯದಿಂದ ಸೇರಿಸಿದ್ದಾಗಿಯೂ, ಅದು ಫೋನಿನಿಂದ ಫೋನಿಗೆ ವಿಳಾಸಪಟ್ಟಿಯ ಜೊತೆಗೇ ದಾಟಿ ಬಂದಿದ್ದಾಗಿಯೂ ವಿವರಿಸಿತು. ಕಳ್ಳನಿರಲಿಲ್ಲ. ಆದರೆ ಕೇಳದೆ ಮನೆಯೊಳಗೆ ಒಂದು ಕುರ್ಚಿ ತಂದಿಟ್ಟು ಹೋಗಿದ್ದು ಸುಳ್ಳಲ್ಲ. ಮನೆಯವರು ಕೂಗಿಕೊಂಡರೆ ತಪ್ಪೆನ್ನಬಹುದೆ?

ನನಗನ್ನಿಸುವುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಸಾಚಾ ಸಂದೇಶಗಳು ಕಳ್ಳ ಸಂದೇಶಗಳಂತೆ ಕಾಣುವುದಕ್ಕೆ ಅರ್ಧ ಕಾರಣ ಕಳ್ಳರು; ಉಳಿದರ್ಧ ಆ ಸಾಚಾ ಕಂಪನಿಗಳೇ. ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಹಳೆಯದನ್ನು ಬಿಟ್ಟು ಹೊಸದಕ್ಕೆ ಬನ್ನಿರೆಂದು ಮೈಕ್ರೋಸಾಫ್ಟ್ ಜನರ ಪರದೆಯ ಮೇಲೆ ದಿನಂಪ್ರತಿ ಬಂದು ಪೀಡಿಸಿತು. 2016ರಲ್ಲಂತೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು: ಬೇಡವೆಂದು ಮೂಲೆಯ ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚಿದರೂ, ನಿಗದಿಯಾದ ಬದಲಾವಣೆ ರದ್ದಾಗುತ್ತಿರಲಿಲ್ಲ. ಬೇಡವೆಂದದ್ದನ್ನು ಬೇಕೆಂದು ಎಣಿಸುವುದು ಯಾವ ಊರಿನ ಸಭ್ಯತೆ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಬ್ಬ ಮಹಿಳೆ, ಒಪ್ಪಿಗೆಯಿಲ್ಲದೆ ಬಂದು ಕೂತ ಹೊಸ ವಿಂಡೋಸಿನಿಂದ ತನ್ನ ವ್ಯವಹಾರದ ಕಂಪ್ಯೂಟರ್ ಕೆಟ್ಟಿತೆಂದು ದಾವೆ ಹೂಡಿ 10,000 ಡಾಲರ್ ಪರಿಹಾರ ಪಡೆದಳು. ಜನರ ಕೂಗು ಹೆಚ್ಚಾದ ಮೇಲೆ ಕಂಪನಿ ಆ ಸಂದೇಶವನ್ನು ತಿದ್ದಿತು. ಅಷ್ಟರಲ್ಲಿ, ಪರದೆಯ ಮೇಲೆ ಏನು ಬಂದರೂ ಓದದೆ ಓಡಿಸುವ ಅಭ್ಯಾಸ ಕೋಟ್ಯಂತರ ಜನರಿಗೆ ಆಗಿಹೋಗಿತ್ತು.

ಕಳ್ಳರು ಇಂಥದ್ದನ್ನೇ ಕಾಯುತ್ತಿರುತ್ತಾರೆ. ಯಾವುದೋ ಪುಟ ನೋಡುತ್ತಿರುವಾಗ, ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂದು ಚೆಂದದ ಫಲಕ ತೋರಿಸುವುದು ಅವರ ಹಳೆಯ ಕಸುಬು. ಇನ್ನೊಂದು ತರಹೆಯವರು ಪರದೆಯನ್ನೆಲ್ಲ ನೀಲಿ ಮಾಡಿ, ವಿಂಡೋಸ್ ಅಪ್‌ಡೇಟ್ ನಡೆದಿರುವಂತೆಯೇ ನಟಿಸಿ, ಈ ಗುಂಡಿಗಳನ್ನು ಒತ್ತಿ, ಇಲ್ಲಿ ಇದನ್ನು ಅಂಟಿಸಿ ಎಂದು ನಮ್ಮ ಕೈಯಿಂದಲೇ ವಿಷ ಬಡಿಸಿಕೊಳ್ಳುತ್ತಾರೆ. ಮತ್ತೊಬ್ಬ ಗಂಟೆ ಬಾರಿಸಿ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ ಎನ್ನುತ್ತಾನೆ. ಈ ಕೊನೆಯವನನ್ನು ಗುರುತಿಸುವುದು ಸುಲಭ. ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ಉಳಿದವರನ್ನು ಮುಖ ನೋಡಿ ಗುರುತಿಸುತ್ತೇನೆನ್ನುವವರ ಧೈರ್ಯ ನನಗಿಲ್ಲ.

ಹಾಗಾದರೆ ಗುರುಗಳಂತೆ 'ಆಮೇಲೆ' ಎನ್ನುತ್ತ ಕೂರುವುದೇ ಕ್ಷೇಮವಲ್ಲವೆ? ಅಲ್ಲ, ಕೆಡುಕಿನ ಬೇರು ಇರುವುದೇ ಅಲ್ಲಿ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟ್ ಹೊರಡಿಸಿತು. ಅನೇಕರು ಹಾಕಿಕೊಂಡರು, ಅನೇಕರು ಆಮೇಲೆ ನೋಡೋಣವೆಂದರು. ಐವತ್ತೊಂಬತ್ತು ದಿನ ಕಳೆದು ಮೇ 12ರಂದು 'ವಾನಾಕ್ರೈ' ಎಂಬ ಪೀಡೆ ಅದೇ ಬಿರುಕಿನಿಂದ ನುಗ್ಗಿತು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಬಿಡಿಸಿಕೊಳ್ಳಲು ಒತ್ತೆ ಹಣ ಕೊಡಬೇಕು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಗಳು ಮುಂದಕ್ಕೆ ಹೋದವು. ನಮ್ಮ ನೆರೆಯ ಆಂಧ್ರದಲ್ಲಿ ಪೊಲೀಸ್ ಠಾಣೆಗಳ ಕಂಪ್ಯೂಟರುಗಳೇ ಸಿಕ್ಕಿಬಿದ್ದವು. ಅಲ್ಲಿ ಬಾಗಿಲಿಗೆ ಬಂದದ್ದು ಸಾಚಾ ಬಡಗಿ. ಚಿಲಕ ರಿಪೇರಿ ಮಾಡುವೆನೆಂದು ನಿಂತಿದ್ದ. ಅವನನ್ನು ಹೊರಗೇ ನಿಲ್ಲಿಸಿದವರ ಮನೆಗೆ ಕಳ್ಳ ನುಗ್ಗಿದ.

ಬಡಗಿಯೂ ಒಮ್ಮೊಮ್ಮೆ ಬಾಗಿಲನ್ನೇ ಮುರಿಯುತ್ತಾನೆಂಬುದನ್ನು ಮರೆಮಾಚಲಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿ ಕಳುಹಿಸಿದ ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಪಾಸುಗಳನ್ನು ಕೊಡಬೇಕಾಯಿತು. ಗುರುಗಳಿಗೆ ಇದು ಬಾಯಿಪಾಠ. ತಾರೀಖು ಸಹಿತ ಹೇಳಿ ನನ್ನ ಬಾಯಿ ಮುಚ್ಚಿಸಿದರು.

"ಹಂಗಾರ ಖರೇದು ಯಾವುದು, ಖೊಟ್ಟಿ ಯಾವುದು ಅಂತ ತಿಳಿಯೂದು ಹೆಂಗ್ರೀ?" ಎಂದು ಅವರು ಕೇಳಿದಾಗ ನಾನು ಮುದ್ರೆಯ ಮಾತನ್ನು ತೆಗೆದೆ. ಹಿಂದೆ ಸಂಸ್ಥಾನದ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲವೆ, ಹಾಗೆಯೇ ಫೋನು ತಯಾರಿಸಿದ ಕಂಪನಿಯೂ ತನ್ನ ಅಪ್‌ಡೇಟ್‌ಗೆ ಗಣಿತದ ಒಂದು ಮುದ್ರೆ ಒತ್ತಿ ಕಳುಹಿಸುತ್ತದೆ. ಒತ್ತುವ ಅಚ್ಚು ಕಂಪನಿಯ ತಿಜೋರಿಯಲ್ಲಿ. ಅದನ್ನು ಪರೀಕ್ಷಿಸುವ ಸಾಧನ ನಮ್ಮ ಫೋನಿನೊಳಗೆ. ದಾರಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮುದ್ರೆ ಕೂಡುವುದಿಲ್ಲ, ಫೋನು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲದೆ ಈಚಿನ ಅನೇಕ ಫೋನುಗಳು ಹಳೆಯ ತಂತ್ರಾಂಶವನ್ನು ಒಂದು ಕೋಣೆಯಲ್ಲಿ ಉಳಿಸಿಕೊಂಡೇ ಹೊಸದನ್ನು ಪಕ್ಕದ ಕೋಣೆಯಲ್ಲಿ ಹೂಡುತ್ತವೆ. ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುತ್ತವೆ.

ಗುರುಗಳು ಕಣ್ಣು ಮುಚ್ಚಿ ಕೇಳಿದರು. ನನ್ನ ಮುದ್ರೆಯ ಉಪಮೆಯಿಂದ ಅವರಿಗೆ ಸಮಾಧಾನವಾಯಿತೆಂದುಕೊಂಡೆ. ಆದರೆ ಅವರ ಮನಸ್ಸು ಬೇರೆಲ್ಲೋ ಹೋಗಿತ್ತು. ತುಸು ಹೊತ್ತಾದ ಮೇಲೆ, ಆಲಮಟ್ಟಿಯ ನೀರು ಬರುವ ಕಾಲದ ಒಂದು ಸಂಗತಿ ಹೇಳಿದರು.

ಅವರದು ಮುಳುಗಡೆಯ ಮನೆ. ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಟ್ಟುವುದೆಂದು ನೋಟೀಸುಗಳು ಬಂದಾಗ ಅವರ ತಂದೆ ನಂಬಲಿಲ್ಲವಂತೆ. ಸರಕಾರದ ಕಾಗದವೆಂದರೆ ಹೀಗೆಯೇ, ಬರುತ್ತದೆ, ಹೋಗುತ್ತದೆ ಎಂದು ಮಡಿಚಿ ಮಾಡದಲ್ಲಿಟ್ಟರಂತೆ. ಅದರ ಬೆನ್ನಿಗೇ, ಪರಿಹಾರದ ಹಣ ಬೇಗ ಬಿಡಿಸಿಕೊಡುತ್ತೇನೆ, ಇಲ್ಲಿ ಹೆಬ್ಬೆಟ್ಟು ಒತ್ತಿರೆಂದು ಒಬ್ಬ ದಲಾಲಿಯೂ ಕಾಗದ ತಂದ. ಅವನ ಕಾಗದದ ಮೇಲೂ ಮುದ್ರೆಯಿತ್ತು. "ಎರಡೂ ಕಾಗದ ಒಂದ ಥರ ಕಾಣತಿದ್ದವು. ನಮ್ಮವ್ವ ಏನ ಮಾಡಿದಳು ಗೊತ್ತೇನ್ರಿ? ಎರಡನ್ನೂ ಮನ್ಯಾಗ ಇಟ್ಟು, ತಾನ ಕಚೇರಿಗೆ ನಡದ ಹೋದಳು. ನನ್ನ ಮನಿ ಸಂಖ್ಯಾ ಇದು, ನಿಮ್ಮ ಪುಸ್ತಕದಾಗ ಏನ ಬರದೈತಿ ಓದಿ ಹೇಳ್ರಿ ಅಂದಳು."

ನಾನು ಅವರ ಮುಖವನ್ನೇ ನೋಡಿದೆ. ಅರ್ಧ ಗಂಟೆಯಿಂದ ನಾನು ಹೇಳಲು ಹೆಣಗುತ್ತಿದ್ದುದನ್ನು ಓದುಬರಹವಿಲ್ಲದ ಆ ತಾಯಿ ಎಂದೋ ಮಾಡಿ ಮುಗಿಸಿದ್ದಳು. ಬಾಗಿಲಿಗೆ ಬಂದ ಕಾಗದ ಸಾಚಾ ಇರಲಿ, ಖೊಟ್ಟಿ ಇರಲಿ. ಅದಕ್ಕೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಫಲಕವನ್ನು ಮುಚ್ಚಿ, ಫೋನಿನ 'ಸೆಟ್ಟಿಂಗ್ಸ್' ಎಂಬ ಕಚೇರಿಗೆ ನಾವೇ ನಡೆದು ಹೋಗಿ, ಅಲ್ಲಿ ತಂತ್ರಾಂಶದ ಅಪ್‌ಡೇಟ್ ಎಂಬ ಪುಸ್ತಕವನ್ನು ತೆರೆದು ನೋಡುವುದು. ಆಪ್‌ಗಳದಾದರೆ ಪ್ಲೇ ಸ್ಟೋರ್‌ನಲ್ಲಿ, ಕಂಪ್ಯೂಟರಿನದಾದರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ. ಸಾಚಾ ಇದ್ದರೆ ಅಲ್ಲಿ ದಾಖಲಾಗಿರುತ್ತದೆ. ಅಲ್ಲಿ ಇಲ್ಲದ್ದು, ವಾಟ್ಸ್ಆಪ್‌ನಲ್ಲೋ ಯಾವುದೋ ಪುಟದಲ್ಲೋ ಬಂದದ್ದು, ದಲಾಲಿಯದೆಂದು ತಿಳಿಯಬಹುದು.

ಗುರುಗಳು ಪಂಚೆಯ ತುಂಡನ್ನು ಬದಿಗಿಟ್ಟು ಫೋನನ್ನು ಬರಿಗೈಯಲ್ಲಿ ಎತ್ತಿಕೊಂಡರು. ಮೊದಲು ಭಾಷೆಯನ್ನು ಬದಲಾಯಿಸಿದೆವು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಇದೆಯೆಂಬುದು ಈ ಕನ್ನಡ ಮೇಷ್ಟ್ರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ! ಪರದೆಯ ಮೇಲೆ ಕನ್ನಡ ಮೂಡಿದಾಗ ಅವರು ಒಂದೊಂದೇ ಸಾಲನ್ನು, ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರಂತೆ, ಗಟ್ಟಿಯಾಗಿ ಓದಿದರು. ಎರಡು ಕಡೆ ಕಾಗುಣಿತದ ಬಗ್ಗೆ ಗೊಣಗಿದರು. ಆಮೇಲೆ ತಾವೇ ಬೆರಳಿನಿಂದ ಹುಡುಕುತ್ತ ಹೋಗಿ ಅಪ್‌ಡೇಟಿನ ಪುಟವನ್ನು ತಲುಪಿದರು. ಅಲ್ಲಿ ಅದು ಇತ್ತು.

ಒತ್ತಿದರು. ಚಾರ್ಜರಿಗೆ ಸಿಕ್ಕಿಸಿ, ಹಾಸಿಗೆ ಹಿಡಿದವರ ಪಕ್ಕ ಕೂತಂತೆ ಕೂತರು. ಫೋನು ಆರಿತು. ಅವರ ಮುಖವೂ ಆರಿತು. ಎರಡು ನಿಮಿಷ ಕಪ್ಪು ಪರದೆ. ನಮ್ಮ ಮನೆಯವರು ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಬಳಿಕ ಬೆಳಕು ಬಂದು, ಬ್ಯಾಂಕಿನ ಆಪ್ ಬಾಗಿಲು ತೆರೆದು, ಪಿಂಚಣಿ ಬಂದ ಸಾಲು ಕಾಣಿಸಿದಾಗ ಅವರು ಅದನ್ನು ಓದಲೇ ಇಲ್ಲ. ನೇರವಾಗಿ ಪುಣೆಗೆ ಕರೆ ಹಚ್ಚಿದರು. ಏನು ಮಾತಾಯಿತೆಂದು ನಾನು ಕೇಳಿಸಿಕೊಳ್ಳಲಿಲ್ಲ. ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತ ನಿಂತೆ.

ಹಿಂತಿರುಗಿ ಬಂದಾಗ ಅವರು ಇನ್ನೊಂದು ಕೆಲಸ ಹೇಳಿದರು. 2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದ ಫೋನುಗಳೆಲ್ಲ ಒಮ್ಮೆಲೇ ಸೈರನ್ ಊದಿ ನಡುಗಿದ್ದು ವಾಚಕರಿಗೆ ನೆನಪಿರಬಹುದು. ಪ್ರವಾಹ, ಬಿರುಗಾಳಿಗಳ ಸುದ್ದಿಯನ್ನು ಆಯಾ ಟವರಿನ ಕೆಳಗಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ಮುಟ್ಟಿಸುವ ಏರ್ಪಾಡನ್ನು ಕೇಂದ್ರದ ದೂರಸಂಪರ್ಕ ಇಲಾಖೆ ಅಂದು ಪರೀಕ್ಷಿಸಿತ್ತು. ಇದು ಪರೀಕ್ಷೆ ಮಾತ್ರ, ನೀವೇನೂ ಮಾಡಬೇಕಾಗಿಲ್ಲ ಎಂದು ಆ ಸಂದೇಶದಲ್ಲೇ ಬರೆದಿತ್ತು. ಗುರುಗಳು ಅಂದು ಫೋನನ್ನು ಆರಿಸಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಮರುದಿನ ಯಾರೋ ಹುಡುಗನ ಕೈಯಿಂದ ಆ ಎಚ್ಚರಿಕೆಗಳನ್ನು ಪೂರ್ತಿ ಬಂದ್ ಮಾಡಿಸಿದ್ದರು.

"ಅದನ್ನ ತಿರುಗಿ ಹಚ್ಚಿಕೊಡ್ರಿ," ಎಂದರು. "ತಮ್ಮನ ಹೊಲ ಮಲಪ್ರಭಾ ದಂಡ್ಯಾಗ ಐತಿ."

ಹೆಚ್ಚು ಹೇಳಬೇಕಾಗಿರಲಿಲ್ಲ. 2009ರಲ್ಲಿ ಹೊಳೆ ಬಂದದ್ದನ್ನು ಈ ಜಿಲ್ಲೆಯವರು ಬಲ್ಲರು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದು ನಿಂತದ್ದನ್ನೂ ಬಲ್ಲರು. ಎಚ್ಚರಿಕೆಯ ಗುಂಡಿಯನ್ನು ಹುಡುಕಿ ತಿರುಗಿ ಹಚ್ಚಿದೆವು. ತಮ್ಮನ ಫೋನಿನಲ್ಲಿಯೂ ಅದನ್ನು ಬಂದ್ ಮಾಡಿಸಿದವರು ತಾವೇ ಎಂದು ಗುರುಗಳು ಆಗ ಒಪ್ಪಿಕೊಂಡರು. ರವಿವಾರ ಹೋಗಿ ಅದನ್ನೂ ಸರಿಪಡಿಸಿ ಬರುವುದೆಂದು ನಿಶ್ಚಯವಾಯಿತು.

ಹದಿನಾಲ್ಕು ತಿಂಗಳು ತಡೆದ ಅಪ್‌ಡೇಟ್ ಒಂದೇ ಆಗಿರಲು ಹೇಗೆ ಸಾಧ್ಯ? ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೊರಟಾಗ ಗುರುಗಳು ಕಟ್ಟೆಯ ಮೇಲೆ ಕೂತಿದ್ದರು.

"ಮತ್ತ ಬಂದಾನ್ರಿ," ಎಂದರು.

"ಯಾರು?"

ಅವರು ಉತ್ತರ ಕೊಡಲಿಲ್ಲ. ಫಲಕವನ್ನು ಬೆರಳಿನಿಂದ ಬದಿಗೆ ಸರಿಸಿ, ಕನ್ನಡಕದ ಗಾಜನ್ನು ಒರೆಸಿಕೊಂಡು, ಸೆಟ್ಟಿಂಗ್ಸ್ ಕಚೇರಿಯ ಕಡೆಗೆ ಹೊರಟಿದ್ದರು.